ಆ ಒಂದು ಸಾಲಿಗಷ್ಟೇ ವಿನಾಯಿತಿ

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಫೀಸಿನ ಗಿಟ್ ಹುಕ್‌ಗಳು ಒಂದು ಶೇರ್ಡ್ ಫೋಲ್ಡರಿನಲ್ಲಿದ್ದವು. ಹೊಸಬರು ಬಂದ ದಿನ ಯಾರಾದರೊಬ್ಬರು ಪಕ್ಕಕ್ಕೆ ಬಂದು, 'ಇದನ್ನ ಕಾಪಿ ಮಾಡ್ಕೊಂಡು ರೆಪೊ ಒಳಗಿನ ಹುಕ್ಸ್ ಫೋಲ್ಡರಿಗೆ ಹಾಕ್ಕೊಳ್ಳಿ, ಆಮೇಲೆ ಎಕ್ಸಿಕ್ಯೂಟ್ ಪರ್ಮಿಷನ್ ಕೊಡೋದು ಮರೀಬೇಡಿ' ಎಂದು ಹೇಳಿ ಹೋಗುತ್ತಿದ್ದರು. ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆಯ ಮೇಲಿನ ಮಹಡಿಯೇ ಆಫೀಸು. ಶಾಲಾ ಮಕ್ಕಳಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠ ಒದಗಿಸುವ ಸಾಫ್ಟ್‌ವೇರ್ ನಮ್ಮದು. ಪರದೆಯ ಮೇಲೆ ಕಾಣುವ ಭಾಗ ಜಾವಾಸ್ಕ್ರಿಪ್ಟ್‌ನಲ್ಲಿ, ಸರ್ವರ್‌ನಲ್ಲಿ ಓಡುವ ಭಾಗ ಪೈಥಾನ್‌ನಲ್ಲಿ. ತಂಡದ ಹಿರಿಯರೊಬ್ಬರು ಅದಕ್ಕೂ ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ್ದವರು. ಹಾಗಾಗಿ ಮ್ಯಾನೇಜರ್ ಸಹಿತ ಎಲ್ಲರೂ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಹುಕ್‌ಗಳ ಬಗ್ಗೆ, ಅವನ್ನು ಬೇಕೆಂದಾಗ ನಡೆಸುವ, ಬೇಡವೆಂದಾಗ ನಿಲ್ಲಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಅವರ ಪಕ್ಕ ಕೂತು ಕಲಿತದ್ದು.

ಗಿಟ್ ಬಳಸದವರಿಗಾಗಿ ಒಂದೆರಡು ಮಾತು ಹೇಳಬೇಕು. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಗಿಟ್ ಬರೆದರು. ಕೋಡ್‌ನಲ್ಲಿ ನಾವು ಮಾಡುವ ಬದಲಾವಣೆಗಳನ್ನು ಅದು ರೆಪೊ ಎಂಬ ಸಂಗ್ರಹದಲ್ಲಿ ಕಮಿಟ್‌ಗಳಾಗಿ ದಾಖಲಿಸಿಕೊಳ್ಳುತ್ತದೆ. ಕಮಿಟ್ ಆಗುವ ಮುಂಚೆ, ಸಂದೇಶ ಬರೆದ ಮೇಲೆ, ಪುಶ್ ಮಾಡುವ ಮುಂಚೆ, ಬ್ರಾಂಚ್ ಬದಲಿಸಿದ ನಂತರ, ಹೀಗೆ ಕೆಲವು ಗೊತ್ತಾದ ಘಟ್ಟಗಳಲ್ಲಿ ಅದು ನಮ್ಮದೇ ಒಂದು ಪ್ರೋಗ್ರಾಮನ್ನು ಓಡಿಸಬಲ್ಲದು. ಅದೇ ಹುಕ್. ಕಮಿಟ್‌ಗೆ ಮುಂಚಿನ ಹುಕ್ ಸೊನ್ನೆಯೊಂದಿಗೆ ಮುಗಿದರೆ ಕೆಲಸ ಮುಂದುವರಿಯುತ್ತದೆ. ಬೇರೆ ಯಾವ ಸಂಖ್ಯೆ ಬಂದರೂ ಕಮಿಟ್ ಅಲ್ಲಿಗೇ ನಿಲ್ಲುತ್ತದೆ.

ರೆಪೊವನ್ನು ಕ್ಲೋನ್ ಮಾಡಿಕೊಂಡಾಗ ಈ ಹುಕ್‌ಗಳು ಜೊತೆಯಲ್ಲಿ ಬರುವುದಿಲ್ಲ. ಬೇಕೆಂದೇ ಹಾಗೆ ಇಟ್ಟಿದ್ದಾರೆ. ಬರುವಂತಿದ್ದರೆ, ಯಾರದೋ ರೆಪೊವನ್ನು ಇಳಿಸಿಕೊಂಡ ತಪ್ಪಿಗೆ ಅವರು ಬರೆದ ಪ್ರೋಗ್ರಾಮ್ ನಮ್ಮ ಕಂಪ್ಯೂಟರಿನಲ್ಲಿ ತಾನಾಗಿ ಓಡಿಬಿಡುತ್ತಿತ್ತು. ನಮ್ಮ ಆಫೀಸಿನ ಶೇರ್ಡ್ ಫೋಲ್ಡರ್ ಹುಟ್ಟಿದ್ದು ಈ ಕಾರಣಕ್ಕೆ. ಅದರ ತೊಂದರೆಯೂ ನಮಗೆ ಬೇಗನೆ ಕಂಡಿತು. ಒಬ್ಬರ ಬಳಿ ಹಳೆಯ ಹುಕ್, ಇನ್ನೊಬ್ಬರ ಬಳಿ ಹೊಸದು, ಲ್ಯಾಪ್‌ಟಾಪ್ ಬದಲಿಸಿದವರ ಬಳಿ ಒಂದೂ ಇಲ್ಲ.

ಆ ದಿನಗಳ ಒಂದು ಪ್ರಸಂಗ ನನಗೆ ಈಗಲೂ ಮುಖ್ಯವೆನಿಸುತ್ತದೆ. ಪಾಠಗಳನ್ನು ಸಿದ್ಧಪಡಿಸಲು ನಿವೃತ್ತ ಅಧ್ಯಾಪಕಿಯೊಬ್ಬರು ನಮ್ಮ ಜೊತೆಗಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರೊಮ್ಮೆ ಹೊಸ ಪಾಠದ ಫೈಲಿಗೆ ಕನ್ನಡದಲ್ಲೇ ಹೆಸರಿಟ್ಟರು. 'ಪಾಠ' ಎಂದು ಶುರುವಾಗುವ ಹೆಸರು. ಕಮಿಟ್ ಆಗಲಿಲ್ಲ. ನನ್ನ ಟರ್ಮಿನಲ್‌ನಲ್ಲಿ ನೋಡಿದರೆ ಆ ಹೆಸರಿನ ಜಾಗದಲ್ಲಿ 340, 262, 252 ಎಂಬ ಅಂಕಿಗಳ ಸಾಲು. 'ಪ' ಅಕ್ಷರವನ್ನು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಹಿಡಿದಿಡುವ ಮೂರು ಬೈಟ್‌ಗಳನ್ನು ಗಿಟ್ ಆಕ್ಟಲ್ ಸಂಖ್ಯೆಗಳಾಗಿ ತೋರಿಸುತ್ತಿತ್ತು. ನಮ್ಮ ಹುಕ್ಕು ಗಿಟ್ ಜೊತೆಗೇ ಬರುವ ಮಾದರಿ ಹುಕ್ಕಿನ ಮೇಲೆ ಕಟ್ಟಿದ್ದು. ಆಸ್ಕಿ ಅಲ್ಲದ ಅಕ್ಷರ ಫೈಲಿನ ಹೆಸರಿನಲ್ಲಿದ್ದರೆ ಆ ಮಾದರಿ ಕಮಿಟ್‌ಗೆ ಒಪ್ಪುವುದಿಲ್ಲ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳ ನಡುವೆ ಅಂಥ ಹೆಸರುಗಳು ತೊಂದರೆ ಕೊಡಬಹುದು ಎಂಬುದು ಅದರ ಕಾಳಜಿ.

ಮೇಡಂಗೆ ಬೇಸರವಾಯಿತು. 'ಕನ್ನಡದ ಪಾಠಕ್ಕೆ ಕನ್ನಡದ ಹೆಸರಿಡೋ ಹಾಗಿಲ್ವಾ?' ಎಂದರು. ಮೇಷ್ಟ್ರು ಹುಕ್ ಕೊಟ್ಟ ಸಂದೇಶವನ್ನು ಪೂರ್ತಿ ಓದಿಸಿದರು. ನಿಮಗೆ ಗೊತ್ತಿದ್ದೇ ಹೀಗೆ ಮಾಡುತ್ತಿದ್ದರೆ ಈ ಕಾನ್ಫಿಗ್ ಆದೇಶ ಕೊಟ್ಟು ಈ ತಪಾಸಣೆಯನ್ನು ನಿಲ್ಲಿಸಬಹುದು ಎಂಬ ಅರ್ಥದ ಮಾತು, ಆದೇಶದ ಸಮೇತ, ಅದರ ಕೊನೆಯಲ್ಲಿತ್ತು. 'ನೋಡಿ ಮೇಡಂ, ಬೇಡ ಅಂದವರೇ ದಾರೀನೂ ಬರೆದಿಟ್ಟಿದ್ದಾರೆ. ಒಳ್ಳೇ ಹುಕ್ಕು ಅಂದ್ರೆ ಹೀಗಿರಬೇಕು' ಎಂದರು. ಕನ್ನಡದ ಹೆಸರು ಉಳಿಯಿತು. ತಡೆಯುವವರೇ ದಾರಿಯನ್ನೂ ಹೇಳಬೇಕು ಎಂಬ ಆ ಮಾತು ಮುಂದೆ ನನ್ನ ಕೆಲಸದ ಉದ್ದಕ್ಕೂ ಜೊತೆಗೆ ಬಂದಿದೆ.

ಶೇರ್ಡ್ ಫೋಲ್ಡರಿನ ಕಾಲ ಬಹಳ ನಡೆಯಲಿಲ್ಲ. ಜಾವಾಸ್ಕ್ರಿಪ್ಟ್ ಭಾಗಕ್ಕೆ ಹಸ್ಕಿ ಬಂತು, ಪೈಥಾನ್ ಭಾಗಕ್ಕೆ ಪ್ರಿ-ಕಮಿಟ್ ಬಂತು. ಇವೆರಡೂ ಹುಕ್ ಮ್ಯಾನೇಜರ್‌ಗಳು. ಯಾವ ಘಟ್ಟದಲ್ಲಿ ಯಾವ ತಪಾಸಣೆ ನಡೆಯಬೇಕು ಎಂಬ ಪಟ್ಟಿ ರೆಪೊ ಒಳಗೇ ಫೈಲಾಗಿ ಇರುತ್ತದೆ, ಎಲ್ಲರಿಗೂ ಒಂದೇ. ಮ್ಯಾನೇಜರ್ ಅದನ್ನು ಓದಿ ಹುಕ್‌ಗಳನ್ನು ಕೂರಿಸುತ್ತದೆ. ಹಸ್ಕಿಯಲ್ಲಿ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡಿದಾಗ ಅದೂ ಆಗಿಹೋಗುವಂತೆ ಇಡಬಹುದು. ಪ್ರಿ-ಕಮಿಟ್‌ನಲ್ಲಿ ಪ್ರತಿ ಕ್ಲೋನ್‌ಗೆ ಒಮ್ಮೆ ಇನ್‌ಸ್ಟಾಲ್ ಆದೇಶ ಕೊಡಬೇಕು. ಅಲ್ಲಿಂದಾಚೆಗೆ ಬೇಕಾದ ಸಾಧನಗಳನ್ನು ಅದೇ ಇಳಿಸಿಕೊಂಡು, ಪ್ರತ್ಯೇಕವಾಗಿ ಇಟ್ಟುಕೊಂಡು ಓಡಿಸುತ್ತದೆ.

ಬಂದ ಸ್ವಲ್ಪ ದಿನಕ್ಕೇ ಅದರ ಬೆಲೆ ತಿಳಿಯಿತು. ತಂಡದವರೊಬ್ಬರು ಸರ್ವರ್‌ಗೆ ಲಾಗಿನ್ ಆಗುವ ಪ್ರೈವೇಟ್ ಕೀ ಇದ್ದ ಫೈಲನ್ನು ಪರೀಕ್ಷೆಗೆಂದು ಪ್ರಾಜೆಕ್ಟ್ ಫೋಲ್ಡರಿಗೆ ತಂದಿದ್ದರು. ಎಲ್ಲ ಫೈಲುಗಳನ್ನೂ ಒಟ್ಟಿಗೆ ಸೇರಿಸುವಾಗ ಅದೂ ಸೇರಿಕೊಂಡಿತು. ಪ್ರೈವೇಟ್ ಕೀ ಹುಡುಕುವ ಪುಟ್ಟ ತಪಾಸಣೆ ಅದನ್ನು ಹಿಡಿದು ನಿಲ್ಲಿಸಿತು. ಅಂಥ ಫೈಲು ಒಮ್ಮೆ ಕಮಿಟ್ ಆಗಿ ಪುಶ್ ಆಯಿತೆಂದರೆ, ಆಮೇಲೆ ಅಳಿಸಿ ಪ್ರಯೋಜನವಿಲ್ಲ. ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ, ಕೀಯನ್ನೇ ಬದಲಿಸಬೇಕಾಗುತ್ತದೆ. ಅಂದು ಉಳಿದ ತಲೆನೋವನ್ನು ನೆನೆದರೆ ಈಗಲೂ ಆ ಪುಟ್ಟ ತಪಾಸಣೆಯ ಮೇಲೆ ಗೌರವ ಬರುತ್ತದೆ.

ಹಾಗೆಯೇ ತಡೆ ಕಷ್ಟ ಕೊಟ್ಟ ದಿನವೂ ಬಂತು. ಪರೀಕ್ಷೆಗಳು ಹತ್ತಿರವಿದ್ದ ಹೊತ್ತು. ಒಂದು ಶಾಲೆಯಿಂದ ಫೋನು: ಮಕ್ಕಳಿಗೆ ಅಭ್ಯಾಸದ ಪ್ರಶ್ನೆಗಳ ಪುಟ ತೆರೆಯುತ್ತಿಲ್ಲ. ನನ್ನ ಪಕ್ಕದ ಕುರ್ಚಿಯವನು ಕಾರಣ ಹುಡುಕಿದ. ಒಂದೇ ಸಾಲಿನ ತಿದ್ದುಪಡಿ. ಆದರೆ ಆ ಸಾಲಿದ್ದ ಫೈಲು ಬಹಳ ಹಳೆಯದು. ಕಮಿಟ್ ಕೊಟ್ಟೊಡನೆ, ಪೈಥಾನ್ ಕೋಡನ್ನು ಪರಿಶೀಲಿಸುವ ಫ್ಲೇಕ್8 ಆ ಫೈಲಿನ ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿತು. ಸಾಲು ಉದ್ದವಾಯಿತು, ಬಳಸದ ಇಂಪೋರ್ಟ್ ಇದೆ, ಅಲ್ಲಿ ಖಾಲಿ ಜಾಗ, ಇಲ್ಲಿ ಖಾಲಿ ಜಾಗ. ಫೋನು ಮತ್ತೆ ಬಂತು. ಹಿಂದಿನಿಂದ ಯಾರೋ, 'ನೋ-ವೆರಿಫೈ ಹಾಕಿ ತಳ್ಳೋ' ಎಂದರು.

ಮೇಷ್ಟ್ರು ಎದ್ದು ಬಂದರು. 'ಬೇಡಪ್ಪ. ಅದು ಹಾಕಿದ್ರೆ ಎಲ್ಲಾ ಚೆಕ್ಕೂ ಹೋಗುತ್ತೆ, ಕೀ ಹಿಡಿಯೋದೂ ಹೋಗುತ್ತೆ. ನಿಂಗೆ ಅಡ್ಡ ಬಂದಿರೋದು ಒಂದೇ ತಾನೆ? ಅದೊಂದನ್ನೇ ಬಿಡು' ಎಂದು, ಗಿಟ್ ಕಮಿಟ್ ಎಂಬ ಆದೇಶದ ಮುಂದೆ, ಅದೇ ಸಾಲಿನಲ್ಲಿ, 'ಸ್ಕಿಪ್' ಎಂಬ ಹೆಸರು, ಸಮ ಚಿಹ್ನೆ, ಫ್ಲೇಕ್8 ಎಂದು ಟೈಪ್ ಮಾಡಿಸಿದರು. ಪರದೆಯ ಮೇಲೆ ಎಂದಿನ ಪಟ್ಟಿ ಇಳಿಯಿತು. ಎಡಕ್ಕೆ ತಪಾಸಣೆಯ ಹೆಸರು, ನಡುವೆ ಚುಕ್ಕಿಗಳು, ಬಲಕ್ಕೆ ಫಲಿತಾಂಶ. ಪಾಸ್, ಪಾಸ್, ಫ್ಲೇಕ್8ರ ಎದುರು ಮಾತ್ರ ಸ್ಕಿಪ್ಡ್, ಮತ್ತೆ ಪಾಸ್. ಕಮಿಟ್ ಆಯಿತು, ಪುಟವೂ ಸರಿಯಾಯಿತು. ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಕಮಿಟ್ ಸಂದೇಶದ ಕೊನೆಗೆ ಫ್ಲೇಕ್8 ಯಾಕೆ ಬಿಟ್ಟೆವು ಎಂಬ ಒಂದು ಸಾಲು ಬರೆಸಿದರು. ಮರುದಿನ ಆ ಹಳೆಯ ಫೈಲನ್ನು ಸ್ವಚ್ಛ ಮಾಡುವ ಕೆಲಸವನ್ನು ಟಿಕೆಟ್ ಆಗಿ ದಾಖಲಿಸಿದರು.

ನನಗೆ ಆಶ್ಚರ್ಯವಾದದ್ದು ಆ ಸಾಲಿನ ರೀತಿ. ಗಿಟ್‌ಗೆ ಫ್ಲೇಕ್8 ಎಂದರೇನೆಂದೇ ಗೊತ್ತಿಲ್ಲ. ಮತ್ತೆ ಆ ಮಾತು ಮುಟ್ಟಬೇಕಾದವರಿಗೆ ಹೇಗೆ ಮುಟ್ಟಿತು? ಕೇಳಿದೆ. ಮೇಷ್ಟ್ರು ಕುರ್ಚಿ ಎಳೆದುಕೊಂಡರು. 'ನೋಡಮ್ಮ, ಹುಕ್ ಮ್ಯಾನೇಜರನ್ನ ನಾವು ನೇರವಾಗಿ ಕರೆಯೋದಿಲ್ಲ. ನಾವು ಗಿಟ್‌ನ ಕರೀತೀವಿ, ಗಿಟ್ ಹುಕ್ಕನ್ನ ಕರೆಯುತ್ತೆ, ಹುಕ್ಕು ಮ್ಯಾನೇಜರನ್ನ ಕರೆಯುತ್ತೆ. ನಡುವೆ ಗಿಟ್ ಕೂತಿರೋವಾಗ ಮ್ಯಾನೇಜರಿಗೆ ನಾವು ಆರ್ಗ್ಯುಮೆಂಟ್ ಕೊಡೋದು ಹೆಂಗೆ? ಆದರೆ ಎನ್ವಿರಾನ್‌ಮೆಂಟ್ ಮಾತ್ರ ಒಬ್ಬರಿಂದ ಒಬ್ಬರಿಗೆ ಸಾಗುತ್ತೆ.'

ಆಮೇಲೆ ಅವರು ಹೇಳಿದ ಹೋಲಿಕೆಯನ್ನು ನಾನು ಈಗಲೂ ಹೊಸಬರಿಗೆ ಹೇಳುತ್ತೇನೆ. 'ಮಗ ಊರಿಗೆ ಹೊರಟಾಗ ಅಮ್ಮ ಮನೇಲಿರೋದರಲ್ಲೇ ಬುತ್ತಿ ಕಟ್ಟಿಕೊಡ್ತಾಳಲ್ಲ, ಹಾಗೆ. ಅವನು ದಾರೀಲಿ ಅದಕ್ಕೆ ಉಪ್ಪು ಹಾಕ್ಕೊಂಡ್ರೆ ಮನೆ ಪಾತ್ರೇಲಿರೋ ಅನ್ನ ಉಪ್ಪಾಗಲ್ಲ.' ಒಂದು ಪ್ರೋಗ್ರಾಮ್ ಇನ್ನೊಂದನ್ನು ಶುರುಮಾಡುವಾಗ ಹೆಸರು ಮತ್ತು ಬೆಲೆಗಳ ಒಂದು ಪಟ್ಟಿಯ ಪ್ರತಿಯನ್ನು ಅದರ ಕೈಗೆ ಕೊಡುತ್ತದೆ. ಮಗು ಪ್ರೋಗ್ರಾಮ್ ತನ್ನ ಪ್ರತಿಯಲ್ಲಿ ಏನೇ ತಿದ್ದಿದರೂ ತಾಯಿ ಪ್ರೋಗ್ರಾಮಿನ ಪಟ್ಟಿ ಹಾಗೇ ಇರುತ್ತದೆ. ಬೆಲ್ ಲ್ಯಾಬ್ಸ್‌ನಿಂದ 1979ರಲ್ಲಿ ಬಂದ ಏಳನೇ ಆವೃತ್ತಿಯ ಯೂನಿಕ್ಸ್‌ನಿಂದ ಈ ಏರ್ಪಾಡು ನಡೆದುಬಂದಿದೆ. ಆದೇಶದ ಮುಂದೆ ಅದೇ ಸಾಲಿನಲ್ಲಿ ಬರೆದ ವೇರಿಯಬಲ್ ಆ ಆದೇಶಕ್ಕೂ ಅದು ಕರೆದವರಿಗೂ ಮಾತ್ರ ಸೇರಿದ್ದು. ಆದೇಶ ಮುಗಿಯಿತೆಂದರೆ ಅದೂ ಮುಗಿಯಿತು. ಮುಂದಿನ ಕಮಿಟ್‌ಗೆ ಎಲ್ಲ ತಪಾಸಣೆಗಳೂ ತಮ್ಮ ಜಾಗದಲ್ಲಿರುತ್ತವೆ, ಯಾರೂ ನೆನಪಿಟ್ಟುಕೊಂಡು ಮತ್ತೆ ಆನ್ ಮಾಡಬೇಕಿಲ್ಲ.

ವಿನಾಯಿತಿ ತಾನಾಗಿ ಮುಗಿಯುವುದು ಎಷ್ಟು ದೊಡ್ಡ ಗುಣ ಎಂದು ನನಗೆ ಹೊಳೆದದ್ದು ಅಲ್ಲಿ. ಕಾನ್ಫಿಗ್‌ನಲ್ಲಿ ಬರೆದದ್ದು ಅಳಿಸುವ ತನಕ ಇರುತ್ತದೆ. ಕನ್ನಡದ ಫೈಲಿನ ಹೆಸರಿಗೆ ಅದು ಸರಿ, ಏಕೆಂದರೆ ಆ ಒಪ್ಪಿಗೆ ಎಂದಿಗೂ ಬೇಕಿತ್ತು. ತುರ್ತಿನ ಒಂದು ಕಮಿಟ್‌ಗೆ ಮಾತ್ರ ಬೇಕಾದ ಒಪ್ಪಿಗೆಯನ್ನು ಅಲ್ಲಿ ಬರೆದರೆ ಅದು ತುರ್ತು ಮುಗಿದ ಮೇಲೂ ಉಳಿಯುತ್ತದೆ. ನೋ-ವೆರಿಫೈ ಸಹ ಆ ಆದೇಶಕ್ಕಷ್ಟೇ ಸೀಮಿತ ನಿಜ. ಆದರೆ ಅದಕ್ಕೆ ಒಂದನ್ನು ಆರಿಸಲು ಬರುವುದಿಲ್ಲ. ಅದು ಕಮಿಟ್‌ಗೆ ಮುಂಚಿನ ಹುಕ್ಕನ್ನೂ ಸಂದೇಶ ನೋಡುವ ಹುಕ್ಕನ್ನೂ ಪೂರ್ತಿ ಬಿಟ್ಟುಬಿಡುತ್ತದೆ. ಬ್ರಾಂಚ್ ಬದಲಿಸಿದ ನಂತರ ಓಡುವ ಹುಕ್ಕಿಗೆ ಅದು ಅನ್ವಯಿಸುವುದೇ ಇಲ್ಲ. ವೇರಿಯಬಲ್ಲನ್ನು ಓದುವುದು ಮ್ಯಾನೇಜರ್ ಆದ್ದರಿಂದ ಯಾವ ಹುಕ್ಕಾದರೂ ಸರಿ, ಆ ಮಾತು ಅದಕ್ಕೆ ತಲುಪುತ್ತದೆ.

ಆಮೇಲೆ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಬೇರೆ ಬೇರೆ ಮ್ಯಾನೇಜರ್‌ಗಳ ಜೊತೆ ಕೆಲಸ ಮಾಡಿದೆ. ಒಂದೊಂದರದೂ ಒಂದೊಂದು ನುಡಿಗಟ್ಟು. ರೂಬಿಯಲ್ಲಿ ಬರೆದ ಓವರ್‌ಕಮಿಟ್‌ನಲ್ಲೂ 'ಸ್ಕಿಪ್' ಇದೆ. ಪೂರ್ತಿ ನಿಲ್ಲಿಸಲು 'ಓವರ್‌ಕಮಿಟ್ ಡಿಸೇಬಲ್' ಎಂಬುದಕ್ಕೆ 1 ಕೊಡಬೇಕು. ಗೋ ಭಾಷೆಯ ಲೆಫ್ಟ್‌ಹುಕ್‌ನಲ್ಲಿ 'ಲೆಫ್ಟ್‌ಹುಕ್' ಎಂಬ ವೇರಿಯಬಲ್‌ಗೇ 0 ಕೊಟ್ಟರೆ ಎಲ್ಲವೂ ನಿಲ್ಲುತ್ತದೆ, 'ಲೆಫ್ಟ್‌ಹುಕ್ ಎಕ್ಸ್‌ಕ್ಲೂಡ್' ಎಂಬುದಕ್ಕೆ ಹೆಸರು ಕೊಟ್ಟರೆ ಅದೊಂದು ಮಾತ್ರ. ಒಂದೆಡೆ 1 ಎಂದರೆ ನಿಲ್ಲಿಸು, ಇನ್ನೊಂದೆಡೆ 0 ಎಂದರೆ ನಿಲ್ಲಿಸು. ಪ್ರಿ-ಕಮಿಟ್‌ನ ಇನ್ನೊಂದು ನಡವಳಿಕೆ ನನಗೆ ಬಹಳ ಇಷ್ಟ. ಅದರ ಕಾನ್ಫಿಗ್ ಫೈಲು ಇನ್ನೂ ಸೇರದಿದ್ದ ಕಾಲದ ಹಳೆಯ ಬ್ರಾಂಚಿಗೆ ಹೋಗಿ ಕಮಿಟ್ ಮಾಡಹೊರಟರೆ ಅದು ತಡೆಯುತ್ತದೆ. ತಡೆದು, 'ಪ್ರಿ-ಕಮಿಟ್ ಅಲೋ ನೋ ಕಾನ್ಫಿಗ್' ಎಂಬುದಕ್ಕೆ 1 ಕೊಟ್ಟು ಓಡಿಸಿದರೆ ಸದ್ಯಕ್ಕೆ ಸುಮ್ಮನಿರುತ್ತೇನೆ ಎಂದು ತಾನೇ ಹೇಳುತ್ತದೆ. ಮೇಷ್ಟ್ರು ಹೊಗಳಿದ್ದು ಇದೇ ಗುಣವನ್ನು.

ವೇರಿಯಬಲ್‌ಗಳ ಬಲಹೀನತೆಯನ್ನು ಕಲಿಸಿದ್ದು ಹಸ್ಕಿಯ ಐದನೇ ಆವೃತ್ತಿ. ಅದಕ್ಕೂ ಮುಂಚೆ ಹುಕ್‌ಗಳನ್ನು ಬಿಡಲು 'ಹಸ್ಕಿ ಸ್ಕಿಪ್ ಹುಕ್ಸ್' ಎಂಬ ವೇರಿಯಬಲ್‌ಗೆ 1 ಕೊಡುತ್ತಿದ್ದೆವು. ಐದನೇ ಆವೃತ್ತಿಯಲ್ಲಿ ಹೆಸರು ಬರೀ 'ಹಸ್ಕಿ' ಆಯಿತು, ನಿಲ್ಲಿಸುವ ಬೆಲೆ 0 ಆಯಿತು. ಹೆಸರೂ ಬದಲು, ಲೆಕ್ಕವೂ ತಿರುವುಮುರುವು. ಆ ಹೊತ್ತಿಗೆ ನಮ್ಮ ಬಿಡುಗಡೆಯ ಯಂತ್ರ ಪ್ರತಿ ಸಲ ಆವೃತ್ತಿ ಸಂಖ್ಯೆಯನ್ನು ಏರಿಸಿ ತಾನೇ ಒಂದು ಕಮಿಟ್ ಮಾಡುತ್ತಿತ್ತು. ಕಮಿಟ್ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ಇರಲೇಬೇಕೆಂದು ನಮ್ಮ ಹುಕ್ಕಿನ ಕಟ್ಟಳೆ. ಯಂತ್ರಕ್ಕೆ ಟಿಕೆಟ್ ಎಲ್ಲಿಂದ ಬರಬೇಕು? ಅದಕ್ಕೆಂದು ಅದರ ಸ್ಕ್ರಿಪ್ಟ್‌ನಲ್ಲಿ ಹಳೆಯ ವೇರಿಯಬಲ್ ಇತ್ತು. ಹೊಸ ಆವೃತ್ತಿ ಬಂದ ಸಂಜೆ ಬಿಡುಗಡೆ ನಡುವೆಯೇ ನಿಂತಿತು. ಲಾಗ್‌ನಲ್ಲಿ ಟಿಕೆಟ್ ಸಂಖ್ಯೆ ಇಲ್ಲ ಎಂಬ ದೂರು ಬಿಟ್ಟರೆ ಬೇರೇನೂ ಇಲ್ಲ. ಸ್ಕ್ರಿಪ್ಟ್ ತೆರೆದರೆ ವೇರಿಯಬಲ್ ಅಲ್ಲೇ ಇದೆ, ಬೆಲೆಯೂ ಇದೆ.

ಎನ್ವಿರಾನ್‌ಮೆಂಟ್‌ನಲ್ಲಿ ಯಾರಿಗೂ ಬೇಡದ ಹೆಸರೊಂದು ಇದ್ದರೆ ಕಂಪ್ಯೂಟರ್ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಆದೇಶಕ್ಕೆ ತಪ್ಪು ಆಯ್ಕೆ ಕೊಟ್ಟರೆ ಅದು ಗೊತ್ತಿಲ್ಲ ಎಂದು ನಿಲ್ಲುತ್ತದೆ. ವೇರಿಯಬಲ್‌ನ ಹೆಸರು ತಪ್ಪಿದರೂ ಹಳತಾದರೂ ಅದು ಸುಮ್ಮನೆ ಸಾಗುತ್ತದೆ, ಓದುವವರಿಲ್ಲ ಅಷ್ಟೇ. ಕಾರಣ ಬಿಡುಗಡೆಯ ಟಿಪ್ಪಣಿಯಲ್ಲಿ ಸಿಕ್ಕಿತು. ಸ್ಕ್ರಿಪ್ಟ್ ಸರಿಪಡಿಸಿದ ಮೇಲೆ ನಾನು ನಮ್ಮ ಹುಕ್ಕಿನ ಮೊದಲಿಗೆ ಕೆಲವು ಸಾಲು ಸೇರಿಸಿದೆ: ಹಳೆಯ ಹೆಸರು ಕಂಡರೆ, ಇದು ಈಗ ನಡೆಯುವುದಿಲ್ಲ, ಹೊಸದು ಇದು ಎಂದು ಹೇಳು. ನಮ್ಮದೇ ಸ್ಕ್ರಿಪ್ಟ್‌ಗಳಲ್ಲೂ ಒಂದು ಎಚ್ಚರ ಪಾಲಿಸತೊಡಗಿದೆವು. ಎನ್ವಿರಾನ್‌ಮೆಂಟ್‌ನಲ್ಲಿ ಇರುವುದೆಲ್ಲ ಅಕ್ಷರಗಳ ಸಾಲು. ವೇರಿಯಬಲ್ ಖಾಲಿಯೇ ಅಲ್ಲವೇ ಎಂದಷ್ಟೇ ಶೆಲ್‌ನಲ್ಲಿ ಕೇಳಿದರೆ 0 ಎಂದು ಬರೆದದ್ದೂ 'ಇದೆ' ಎಂದೇ ಎಣಿಕೆಯಾಗುತ್ತದೆ. ಆದ್ದರಿಂದ ಯಾವ ಬೆಲೆ ಬೇಕೋ ಅದನ್ನೇ ಹೆಸರಿಸಿ ಹೋಲಿಸಬೇಕು.

ಇದಕ್ಕಿಂತ ಆಳವಾಗಿ ನನ್ನನ್ನು ತಟ್ಟಿದ್ದು ದಾವಣಗೆರೆಯಿಂದ ಬಂದು ಹೊಸದಾಗಿ ಸೇರಿದ್ದ ಹುಡುಗನ ಪ್ರಸಂಗ. ಅವನು ಪುಶ್ ಮಾಡಿದಾಗಲೆಲ್ಲ ಸರ್ವರ್ ತಪಾಸಣೆಯಲ್ಲಿ ಫಾರ್ಮ್ಯಾಟ್ ಸರಿಯಿಲ್ಲವೆಂದು ಬೀಳುತ್ತಿತ್ತು. ಅವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಯಾವ ದೂರೂ ಇಲ್ಲ. ಅವನಿಗೂ ತಿಳಿಯದು, ನಮಗೂ ತಿಳಿಯದು. ಮೇಷ್ಟ್ರು ಅವನ ಪಕ್ಕ ಕೂತು ಟರ್ಮಿನಲ್‌ನಲ್ಲಿ ಎನ್ವಿರಾನ್‌ಮೆಂಟ್ ಪಟ್ಟಿಯನ್ನು ತೆಗೆಸಿದರು. ಅಕ್ಷರಕ್ರಮದಲ್ಲಿ ಇಳಿದ ಆ ಉದ್ದನೆಯ ಪಟ್ಟಿಯಲ್ಲಿ, ಹೋಮ್ ಡೈರೆಕ್ಟರಿಯ ಸಾಲಾದ ಮೇಲೆ, 'ಹಸ್ಕಿ' ಎಂದು ಇತ್ತು. ಬೆಲೆ 0. ಶೆಲ್ ಶುರುವಾಗುವಾಗ ಓದುವ ಫೈಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿಟ್ಟ ಸಾಲು ಅದು. ಅವನು ಸೇರಿದ ಹೊಸದರಲ್ಲಿ ಕಮಿಟ್ ನಿಧಾನ ಎಂದಾಗ, ಅವಸರದಲ್ಲಿದ್ದ ಯಾರೋ ಹಾಕಿಕೊಟ್ಟಿದ್ದರಂತೆ. ಅವನಿಗೆ ನೆನಪೇ ಇರಲಿಲ್ಲ.

ಮೇಷ್ಟ್ರು ಆ ಸಾಲನ್ನು ತೆಗೆಸುವ ಮುಂಚೆ, ತೆರೆದಿದ್ದ ಟರ್ಮಿನಲ್‌ನಲ್ಲಿ ಮಾತ್ರ ಆ ವೇರಿಯಬಲ್ಲನ್ನು ತೆಗೆಸಿ, 'ಕಮಿಟ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ, ಮಾಡಿ ತೋರಿಸಪ್ಪ' ಎಂದರು. ಹುಕ್‌ಗಳು ಓಡಿದವು. ಪೂರ್ತಿ ಟೆಸ್ಟ್‌ಗಳ ಕಂತೆಯನ್ನು ನಾವು ಕಮಿಟ್‌ಗೆ ಮುಂಚಿನ ಹುಕ್ಕಿನಲ್ಲಿ ಇಟ್ಟಿದ್ದೆವು. ನಮ್ಮ ಹೊಸ ಯಂತ್ರಗಳಲ್ಲಿ ಅದು ಸಹಿಸುವಂಥದ್ದಾಗಿತ್ತು. ಅವನಿಗೆ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಫ್ಯಾನು ಜೋರಾಗಿ ತಿರುಗುತ್ತ ಹೋಯಿತು, ನಾವು ನಾಲ್ಕು ಮಾತಾಡಿ ಮುಗಿಸಿದರೂ ಕಮಿಟ್ ಮುಗಿಯಲಿಲ್ಲ. ಮೇಷ್ಟ್ರು ನಮ್ಮ ಕಡೆ ತಿರುಗಿ, 'ಇದು ಅವನ ತಪ್ಪಲ್ಲ. ಇಷ್ಟು ಹೊತ್ತು ಕಾಯಿಸಿದ್ರೆ ಯಾರಾದ್ರೂ ಆಫ್ ಮಾಡ್ತಾರೆ' ಎಂದರು. ಆ ವಾರವೇ ಪೂರ್ತಿ ಟೆಸ್ಟ್‌ಗಳನ್ನು ಪುಶ್‌ಗೆ ಮುಂಚಿನ ಹುಕ್ಕಿಗೂ ಸರ್ವರ್‌ಗೂ ಸಾಗಿಸಿದೆವು. ಕಮಿಟ್‌ನ ಹೊತ್ತಿಗೆ ಬದಲಾದ ಫೈಲುಗಳನ್ನು ಮಾತ್ರ ನೋಡುವಂತೆ ಮಾಡಿದೆವು. ಹುಡುಗ ಆ ಸಾಲನ್ನು ತಾನಾಗಿ ಅಳಿಸಿದ.

ಅಂದಿನಿಂದ ಯಾರದಾದರೂ ಯಂತ್ರದಲ್ಲಿ ಖಾಯಂ ಆಗಿ ಆಫ್ ಆದ ಹುಕ್ ಕಂಡರೆ ನಾನು ಅದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡುವುದಿಲ್ಲ. ಅಲ್ಲೊಂದು ದೂರು ಇದೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ ಎಂದು ತಿಳಿಯುತ್ತೇನೆ. ಆದೇಶದ ಮುಂದೆ ಬರೆದ ವೇರಿಯಬಲ್‌ಗೂ ಎಕ್ಸ್‌ಪೋರ್ಟ್ ಮಾಡಿಟ್ಟ ವೇರಿಯಬಲ್‌ಗೂ ಹೆಸರು ಒಂದೇ, ಬೆಲೆ ಒಂದೇ. ಮೊದಲನೆಯದನ್ನು ಬರೆಯುವಾಗ ಮನುಷ್ಯ ಪ್ರತಿ ಸಲ ಯೋಚಿಸುತ್ತಾನೆ. ಎರಡನೆಯದನ್ನು ಒಮ್ಮೆ ಬರೆದ ಮೇಲೆ ಯೋಚಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಮೇಡಂ ಅವರ ಯಂತ್ರದಲ್ಲಿ ತೊಂದರೆ ಬೇರೆ ದಿಕ್ಕಿನಿಂದ ಬಂತು. ಅವರು ಟರ್ಮಿನಲ್ ಬಳಸುತ್ತಿರಲಿಲ್ಲ. ಗುಂಡಿ ಒತ್ತಿ ಕಮಿಟ್ ಮಾಡುವ ಆ್ಯಪ್ ಅವರದು. ಹಸ್ಕಿ ಬಂದ ಮೇಲೆ ಅವರು ಗುಂಡಿ ಒತ್ತಿದಾಗಲೆಲ್ಲ 'ಆದೇಶ ಸಿಗಲಿಲ್ಲ' ಎಂಬ ದೂರು, ಜೊತೆಗೆ 127 ಎಂಬ ಸಂಖ್ಯೆ. ನನ್ನ ಟರ್ಮಿನಲ್‌ನಿಂದ ಅದೇ ರೆಪೊದಲ್ಲಿ ಮಾಡಿದರೆ ಸರಿಯಾಗಿ ಆಗುತ್ತಿತ್ತು. ಕಾರಣ ಮತ್ತೆ ಎನ್ವಿರಾನ್‌ಮೆಂಟ್. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಲ್ಲಿದೆ ಎಂಬ ದಾರಿಯನ್ನು 'ಪಾತ್' ವೇರಿಯಬಲ್‌ಗೆ ಸೇರಿಸುವ ಸಾಲುಗಳು ಶೆಲ್‌ನ ಫೈಲಿನಲ್ಲಿದ್ದವು. ಐಕಾನ್ ಒತ್ತಿ ತೆರೆದ ಆ್ಯಪ್ ಶೆಲ್‌ನಿಂದ ಹುಟ್ಟಿದ್ದಲ್ಲವಾದ್ದರಿಂದ ಆ ಫೈಲನ್ನು ಓದುವುದೇ ಇಲ್ಲ. ಅದು ಗಿಟ್‌ಗೆ ಕೊಟ್ಟ ಪಟ್ಟಿಯಲ್ಲಿ ನೋಡ್‌ನ ದಾರಿ ಇರಲಿಲ್ಲ, ಹುಕ್ಕಿಗೂ ಅದು ಸಿಗಲಿಲ್ಲ.

ಒಬ್ಬರು ಸುಲಭದ ಮಾತು ಹೇಳಿದರು: ಅವರದು ಬರೀ ಪಾಠದ ಫೈಲು ತಾನೇ, ಅವರ ಯಂತ್ರದಲ್ಲಿ ಹಸ್ಕಿಗೆ 0 ಬರೆದುಬಿಡೋಣ. ಮೇಷ್ಟ್ರು ಒಪ್ಪಲಿಲ್ಲ. ಪಾಠಗಳು ಜೇಸನ್ ಫೈಲುಗಳಲ್ಲಿದ್ದವು. ಒಂದು ಅಲ್ಪವಿರಾಮ ಬಿಟ್ಟುಹೋದರೆ ಇಡೀ ಪಾಠ ತೆರೆಯುವುದಿಲ್ಲ. 'ಎಲ್ಲರಿಗಿಂತ ಅವರಿಗೇ ಈ ಚೆಕ್ ಬೇಕು' ಎಂದರು. ಹುಕ್ ಓಡುವ ಮುಂಚೆ ಓದಿಕೊಳ್ಳಲೆಂದೇ ಹಸ್ಕಿ ಹೋಮ್ ಡೈರೆಕ್ಟರಿಯಲ್ಲಿ ಒಂದು ಫೈಲನ್ನು ಹುಡುಕುತ್ತದೆ. ಆಗ ಅದರ ಹೆಸರು 'ಹಸ್ಕಿ-ಆರ್‌ಸಿ'. ಒಂಬತ್ತನೇ ಆವೃತ್ತಿಯಿಂದ ಅದು ಕಾನ್ಫಿಗ್ ಫೋಲ್ಡರಿನ ಒಳಗೆ 'ಇನಿಟ್' ಎಂಬ ಶೆಲ್ ಫೈಲಾಗಿದೆ. ಅಲ್ಲಿ ನೋಡ್‌ನ ದಾರಿ ಬರೆದೆವು. ಮುಂದೊಂದು ದಿನ ಹುಕ್ಕು ನಿಜಕ್ಕೂ ಬಿಟ್ಟುಹೋದ ಅಲ್ಪವಿರಾಮವನ್ನು, ಸಾಲಿನ ಸಂಖ್ಯೆಯ ಸಮೇತ ಹಿಡಿದು ತೋರಿಸಿದಾಗ ಮೇಡಂ ತಾವೇ ತಿದ್ದಿ ಮತ್ತೆ ಗುಂಡಿ ಒತ್ತಿದರು. ಅದಾದ ಮೇಲೆ ಹುಕ್ಕನ್ನು ಅವರು ತಮ್ಮ ಸಹಾಯಕ್ಕಿರುವ ವಸ್ತುವೆಂದೇ ಕಂಡರು.

ಗಿಟ್ ತಾನೂ ಈ ಪಟ್ಟಿಗೆ ಕೆಲವು ಹೆಸರು ಸೇರಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಇನ್ನೂ ತಡವಾಗಿ. ಹುಕ್ಕಿನೊಳಗಿನ ಗಿಟ್ ಆದೇಶಗಳಿಗೆ ರೆಪೊ ಎಲ್ಲಿದೆ ಎಂದು ತಿಳಿಯಲೆಂದು 'ಗಿಟ್ ಡಿರ್' ಮುಂತಾದ ವೇರಿಯಬಲ್‌ಗಳನ್ನು ಅದು ಕೊಡುತ್ತದೆ. ನಮ್ಮ ಟೆಸ್ಟ್‌ಗಳಲ್ಲಿ ಕೆಲವು ತಾತ್ಕಾಲಿಕ ರೆಪೊ ಸೃಷ್ಟಿಸಿ ಅದರಲ್ಲಿ ಕಮಿಟ್ ಮಾಡಿ ನೋಡುತ್ತಿದ್ದವು. ಹುಕ್ಕಿನ ಹೊರಗೆ ಓಡಿಸಿದರೆ ಯಾವ ತೊಂದರೆಯೂ ಇಲ್ಲ. ಪ್ರತ್ಯೇಕ ವರ್ಕ್‌ಟ್ರೀ ಬಳಸುತ್ತಿದ್ದ ಸಹೋದ್ಯೋಗಿಯ ಯಂತ್ರದಲ್ಲಿ ಹುಕ್ಕಿನ ಮೂಲಕ ಓಡಿದಾಗ ಆ ಪರೀಕ್ಷೆಯ ಕಮಿಟ್‌ಗಳು ನಮ್ಮ ನಿಜವಾದ ರೆಪೊಗೇ ಬಂದು ಬಿದ್ದಿದ್ದವು. ಬೇರೆ ರೆಪೊ ಮುಟ್ಟುವ ಮುಂಚೆ ಆ ವೇರಿಯಬಲ್‌ಗಳನ್ನು ತೆಗೆದುಹಾಕಬೇಕು ಎಂದು ಗಿಟ್‌ನ ಕೈಪಿಡಿ ಹೇಳುತ್ತದೆ, ಅವುಗಳ ಪಟ್ಟಿ ಕೊಡುವ ಆದೇಶವೂ ಇದೆ. ಕೈಯಿಂದ ಕೈಗೆ ತಾನಾಗಿ ಸಾಗುವುದು ಅನುಕೂಲ ನಿಜ, ಆದರೆ ನಾವು ಬಯಸದವರ ಕೈಗೂ ಅದು ಹಾಗೆಯೇ ಸಾಗುತ್ತದೆ.

ಇಷ್ಟೆಲ್ಲ ದಾರಿ ಬಿಟ್ಟರೆ ತಪಾಸಣೆಗೆ ಅರ್ಥವೇನು ಎಂದು ಹೊಸಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುವ ಹುಕ್ಕನ್ನು ನಾನು ಯಾವತ್ತೂ ನಿಲ್ಲಿಸಬಲ್ಲೆ. ವೇರಿಯಬಲ್ ಕೊಡದಿದ್ದರೆ ಫೈಲನ್ನೇ ಅಳಿಸಬಹುದು. ಆದ್ದರಿಂದ ಅದು ಇರುವುದು ನನ್ನ ನೆರವಿಗೆ, ನನ್ನನ್ನು ಕಾಯುವುದಕ್ಕೆ. ತಂಡಕ್ಕೆ ಖಂಡಿತ ಬೇಕಾದ ತಪಾಸಣೆ ಸರ್ವರ್‌ನಲ್ಲಿ ಮತ್ತೊಮ್ಮೆ ನಡೆಯಬೇಕು. ನನ್ನ ಎನ್ವಿರಾನ್‌ಮೆಂಟ್ ಅಲ್ಲಿಗೆ ತಲುಪುವುದಿಲ್ಲ. ಅಲ್ಲಿಯೂ ವೇರಿಯಬಲ್‌ಗಳಿಗೆ ಕೆಲಸವಿದೆ, ಆದರೆ ಅವು ಎಲ್ಲರೂ ನೋಡಿ ಒಪ್ಪಿದ ಫೈಲಿನಲ್ಲಿರುತ್ತವೆ. ಮುಖ್ಯ ಬ್ರಾಂಚಿಗೆ ನೇರ ಕಮಿಟ್ ಮಾಡಬಾರದು ಎಂಬ ತಪಾಸಣೆ ಲ್ಯಾಪ್‌ಟಾಪ್‌ಗೆ ಸರಿ. ಸರ್ವರ್ ಮುಖ್ಯ ಬ್ರಾಂಚನ್ನೇ ಪರೀಕ್ಷಿಸುವಾಗ ಅದು ಸುಮ್ಮನೆ ಬೀಳುತ್ತದೆ. ಅದೊಂದನ್ನು ಅಲ್ಲಿ 'ಸ್ಕಿಪ್'ನಲ್ಲಿ ಹೆಸರಿಸಿದ್ದೇವೆ, ಉಳಿದವು ಎಲ್ಲ ಫೈಲುಗಳ ಮೇಲೂ ನಡೆಯುತ್ತವೆ.

ಈಗ ಬೇರೆ ತಂಡದಲ್ಲಿದ್ದೇನೆ. ಹೊಸ ತಪಾಸಣೆ ಸೇರಿಸುವವರನ್ನು ನಾನು ಕೇಳುವುದು ಇಷ್ಟು: ಇದು ಬಿದ್ದಾಗ ಮನುಷ್ಯರಿಗೆ ಅರ್ಥವಾಗುವ ಮಾತು ಹೇಳುತ್ತದೆಯೇ? ಇದೊಂದನ್ನೇ ಬಿಡುವ ಸಾಲು ಆ ಮಾತಿನ ಕೊನೆಗೆ ಇದೆಯೇ? ಬಿಟ್ಟರೆ ಸರ್ವರ್‌ನಲ್ಲಿ ಮತ್ತೆ ಯಾರು ನೋಡುತ್ತಾರೆ? ತಂಡದಲ್ಲೇ ನಿಧಾನವಾದ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದ್ದೀರಾ? ಈ ಪ್ರಶ್ನೆಗಳಿಗೆ ಉತ್ತರವಿರುವ ತಪಾಸಣೆಯನ್ನು ಜನ ಸಾಮಾನ್ಯವಾಗಿ ಬಿಡುವುದಿಲ್ಲ, ಬಿಡುವ ದಾರಿ ಕಣ್ಣೆದುರೇ ಇದ್ದರೂ. ಜೊತೆಗೆಲಸದವರ ಮೇಲೆ ನಂಬಿಕೆಯಿಟ್ಟು ಬರೆದ ಕಟ್ಟಳೆಯನ್ನು ಅವರೂ ನಂಬುತ್ತಾರೆ ಎಂಬುದು ಇಷ್ಟು ವರ್ಷಗಳ ನನ್ನ ಅನುಭವ.

ಮೇಷ್ಟ್ರು ಅಂದು ಹಾಕಿಕೊಟ್ಟ ರೂಢಿಯನ್ನು ಇಲ್ಲೂ ನಡೆಸಿಕೊಂಡು ಬಂದಿದ್ದೇವೆ. ಯಾರು ಯಾವ ತಪಾಸಣೆಯನ್ನು ಬಿಟ್ಟರೂ ಕಮಿಟ್ ಸಂದೇಶದಲ್ಲಿ ಅದರ ಹೆಸರು ಮತ್ತು ಕಾರಣ ಬರೆಯುತ್ತಾರೆ. ಅದಕ್ಕಾಗಿ ಯಾರನ್ನೂ ಪ್ರಶ್ನಿಸುವುದಿಲ್ಲ. ಆಗಾಗ ಆ ಸಾಲುಗಳನ್ನೆಲ್ಲ ಒಟ್ಟಿಗೆ ತೆಗೆದು ಓದುತ್ತೇವೆ. ಪದೇಪದೇ ಕಾಣುವ ಹೆಸರು ಯಾವುದೋ, ಮುಂದಿನ ವಾರ ಮೊದಲು ಕೈಗೆತ್ತಿಕೊಂಡು ಸರಿಪಡಿಸುವುದು ಆ ತಪಾಸಣೆಯನ್ನೇ.